ಸಾಕು ಎಂದ ತಿಗಣೆ

ಲೋಕ ಇನ್ನೂ ಆಗತಾನೇ ಕುಂಬಾರನ ಆವಿಗೆಯಿಂದ ತೆಗೆದ ಮಡಕೆಯ ಹಾಗೆ ಬೆಚ್ಚಗಿದ್ದ ಕಾಲ. ಕತ್ತೆಯ ಕಿವಿ ಎಷ್ಟುದ್ದ ಇರಬೇಕೆಂದು ಇನ್ನೂ ತೀರ್ಮಾನವಾಗಿರಲಿಲ್ಲ. ಗಾಳಿ ಮಾತಾಡುತ್ತಿತ್ತು, ಹೊಳೆ ಉತ್ತರ ಕೊಡುತ್ತಿತ್ತು, ಸೂರ್ಯ ಎಲ್ಲರ ಮಾತಿಗೂ ಮೂಗು ತೂರಿಸುತ್ತಿದ್ದ.

ಆಗ ತಿಗಣೆ ಈಗಿನ ಹಾಗಿರಲಿಲ್ಲ. ಗುಲಗಂಜಿಯಂತೆ ದುಂಡಗಿತ್ತು. ಬೆನ್ನ ಮೇಲೆ ಮಿರಿಮಿರಿ ಮಿಂಚುವ ಎರಡು ರೆಕ್ಕೆ. ಹಾಡಹಗಲಲ್ಲೇ ಬೀದಿಯಲ್ಲಿ ಓಡಾಡುತ್ತಿತ್ತು. ರಕ್ತದ ರುಚಿ ಅದಕ್ಕೆ ಗೊತ್ತೇ ಇರಲಿಲ್ಲ. ಎಲ್ಲರೂ ಉಣ್ಣುವುದನ್ನೇ ಉಣ್ಣುತ್ತಿತ್ತು.

ಇದ್ದದ್ದು ಒಂದೇ ರೋಗ, ಬಿಂಕ. "ಬಾರೋ" ಎಂದರೆ ಬರುತ್ತಿರಲಿಲ್ಲ. "ದಯಮಾಡಿಸಬೇಕು" ಎಂದರೆ ಬಿದ್ದೂ ಎದ್ದೂ ಓಡಿ ಬರುತ್ತಿತ್ತು.

ಈ ತಿಗಣೆಗೆ ಮಾಳಿಂಗ ಎಂಬ ಕುರಿಗಾಹಿ ಗೆಳೆಯನಾಗಿದ್ದ. ಮಾಳಿಂಗನ ತಂಗಿ ಸಿರಿಯವ್ವನಿಗೆ ಚೊಚ್ಚಲ ಮಗು ಹುಟ್ಟಿತ್ತು. ತೊಟ್ಟಿಲಿಗೆ ಹಾಕುವ ದಿನ ಸೋದರಮಾವ ತಂದ ಕಂಬಳಿಯ ಮೇಲೇ ಕೂಸನ್ನು ಮಲಗಿಸಬೇಕು. ಅದು ಅವರ ಪದ್ಧತಿ. ಮಾಳಿಂಗ ತಾನೇ ಉಣ್ಣೆ ಕತ್ತರಿಸಿ, ತಾನೇ ನೂಲು ತೆಗೆದು, ಅಂಗೈಯಗಲದ ಕಂಬಳಿಯೊಂದನ್ನು ನೇಯ್ದಿದ್ದ. ಅಂಗೈಯಗಲ ಅಂದರೆ ಮಾಳಿಂಗನ ಅಂಗೈ; ಅದರಲ್ಲಿ ಒಂದು ಕೂಸು ಆರಾಮಾಗಿ ಮಲಗಬಹುದಿತ್ತು ಬಿಡಿ.

"ಲೋ ತಿಗಣೆ, ಬರ್ತೀಯೇನೋ?" ಎಂದ ಮಾಳಿಂಗ.

ತಿಗಣೆ ಆಕಾಶ ನೋಡಿತು.

"ದಯಮಾಡಿಸಬೇಕಪ್ಪಾ!"

ತಿಗಣೆ ಟಣ್ಣನೆ ಹಾರಿ ಕಂಬಳಿಯ ಮಡಿಕೆಯಲ್ಲಿ ಕೂತಿತು.

ದಾರಿಯಲ್ಲಿ ಮಾಳಿಂಗ ಹೇಳಿದ: "ನೋಡು, ತಂಗಿ ಅತ್ತೆ ಕೆಂಚವ್ವಂಗೆ ನಮ್ಮನ್ನ ಕಂಡ್ರೆ ಅಷ್ಟಕ್ಕಷ್ಟೇ. ಕುರಿ ವಾಸನೆ ಅಂತಾಳೆ. ನೀನು ನನ್ನ ಕಡೆಯವನು. ನನ್ನ ಮರ್ಯಾದೆ ಉಳಿಸಪ್ಪಾ."

"ಮರ್ಯಾದೆ ವಿಷಯ ನನಗೆ ಹೇಳ್ತೀಯಾ?" ಎಂದಿತು ತಿಗಣೆ. "ನಾನು ಮರ್ಯಾದೆಯಲ್ಲೇ ಹುಟ್ಟಿದೋನು."

ಮನೆಯಲ್ಲಿ ಹುಗ್ಗಿಯ ಘಮ. ಮನುಷ್ಯರಿಗೆ ನಡುಮನೆಯಲ್ಲಿ ಪಂಕ್ತಿ, ಸಣ್ಣ ಜೀವಗಳಿಗೆ ಜಗಲಿಯಲ್ಲಿ ಪಂಕ್ತಿ. ಜಗಲಿಯಲ್ಲಿ ಬಡಿಸುವ ಕೆಲಸ ಇರುವೆಯದು.

ಉಣ್ಣುವ ಪದ್ಧತಿ ಎಲ್ಲರಿಗೂ ಗೊತ್ತಿದ್ದದ್ದೇ. ಬಂದ ನೆಂಟರು ಹಸಿದಿದ್ದರೂ "ಸಾಕು, ಸಾಕು" ಅನ್ನಬೇಕು. ಎಲೆಗೆ ಕೈ ಅಡ್ಡ ಹಿಡಿಯಬೇಕು. ಬಡಿಸುವವರು ಕೈ ಸರಿಸಿ ಬಡಿಸಿಯೇ ಬಡಿಸಬೇಕು. ಆಮೇಲೆ ನೆಂಟರು "ಅಯ್ಯೋ, ಇಷ್ಟೊಂದಾ!" ಅನ್ನುತ್ತಾ ಎಲೆ ನೆಕ್ಕಬೇಕು. ಮರ್ಯಾದಸ್ಥರು ಹೊಟ್ಟೆ ತುಂಬಿಸಿಕೊಳ್ಳುವುದು ಹೀಗೆ.

ಆದರೆ ಇರುವೆಗೆ ಯಾವಾಗಲೂ ಒಂದೇ ದಾರಿ, ಒಂದೇ ಮಾತು.

"ಹುಗ್ಗಿ ಇಕ್ಕಲಾ?" ಎಂದಿತು ಇರುವೆ.

ತಿಗಣೆಯ ಹೊಟ್ಟೆ ಹಸಿವಿನಿಂದ ಗುರುಗುಟ್ಟುತ್ತಿತ್ತು. ಆದರೂ ಅದು ಕಾಲು ಅಡ್ಡ ಹಿಡಿದು, ಮುಖ ತಿರುಗಿಸಿ, "ಸಾಕು, ಸಾಕು" ಎಂದಿತು.

"ಸರಿ" ಎಂದಿತು ಇರುವೆ. ಮುಂದಿನ ಎಲೆಗೆ ಹೋಯಿತು.

ತಿಗಣೆ ಕಣ್ಣು ಬಿಟ್ಟಿತು. ಪಕ್ಕದ ಎಲೆಯಲ್ಲಿ ನೊಣ ಎರಡೂ ಕೈ ಉಜ್ಜುತ್ತಾ ಕೂಗುತ್ತಿತ್ತು, "ಹಾಕು ತಾಯಿ, ಹಾಕು! ತುಪ್ಪ ಎಲ್ಲಿ? ಅದನ್ನೂ ಸುರಿ!" ನೊಣದ ಎಲೆಯಲ್ಲಿ ಹುಗ್ಗಿಯ ಗುಡ್ಡ. ತಿಗಣೆಯ ಎಲೆಯಲ್ಲಿ ಉಪ್ಪಿನ ಒಂದು ಹರಳು.

ಈಗ ಕರೆದು ಕೇಳಬಹುದಿತ್ತು. "ಇರುವೆವ್ವಾ, ನನಗೂ ಚೂರು ಇಕ್ಕು" ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಸಾಕು ಎಂದ ಬಾಯಲ್ಲಿ ಬೇಕು ಅನ್ನುವುದು ಹೇಗೆ? ತಿಗಣೆ ಗಂಟಲಿಗೆ ಬಂದ ಮಾತನ್ನು ನುಂಗಿತು. ಆ ಹೊತ್ತು ಅದು ನುಂಗಿದ್ದು ಅಷ್ಟೇ.

ಊಟ ಮುಗಿಯಿತು. ಕೂಸನ್ನು ಮಾವನ ಕಂಬಳಿಯ ಮೇಲೆ ಮಲಗಿಸಿ, ತೊಟ್ಟಿಲು ತೂಗಿ, ಹುಗ್ಗಿಯ ಮಂಪರಿಗೆ ಎಲ್ಲರೂ ಅಲ್ಲಲ್ಲೇ ಉರುಳಿಕೊಂಡರು. ಮಟಮಟ ಮಧ್ಯಾಹ್ನ. ಎಚ್ಚರ ಇದ್ದದ್ದು ತಿಗಣೆಯ ಹೊಟ್ಟೆ ಒಂದೇ.

ಅದು ತೊಟ್ಟಿಲಿಗೆ ಹಾರಿತು. ಕೂಸಿನ ತೋಳು ಹಾಲಿನ ವಾಸನೆ ಬೀರುತ್ತಿತ್ತು. 'ಮೂಸಿ ನೋಡ್ತೀನಿ, ಅಷ್ಟೇ' ಅಂದುಕೊಂಡಿತು ತಿಗಣೆ. ಮೂಸಿತು. 'ಮುಟ್ಟಿ ನೋಡ್ತೀನಿ, ಅಷ್ಟೇ.' ಮುಟ್ಟಿತು. ಆಮೇಲೆ ಒಂದು ಗುಟುಕು. ಪಕ್ಕದಲ್ಲಿ ಇನ್ನೊಂದು. ಅದರ ಪಕ್ಕದಲ್ಲಿ ಮತ್ತೊಂದು.

ಕೂಸು ಕಿಟಾರನೆ ಕಿರುಚಿತು. ತೋಳ ಮೇಲೆ ಸಾಲಾಗಿ ಕೆಂಪು ದದ್ದು.

"ನೋಡ್ರೇ!" ಕೆಂಚವ್ವ ಎದ್ದು ಬಂದಳು. "ಏನು ತಂದು ಹಾಸಿದೀಯೋ ಮಾರಾಯ? ಕಂಬಳಿನೋ, ಮುಳ್ಳಿನ ಬೇಲಿನೋ?" ಕಂಬಳಿಯನ್ನು ಎಳೆದು ಅಂಗಳಕ್ಕೆ ಎಸೆದಳು.

"ಅತ್ತೀ, ಒಂದೊಂದು ಮುಳ್ಳೂ ಆರಿಸಿ ತೆಗ್ದಿದೀನಿ..." ಎಂದ ಮಾಳಿಂಗ.

"ಹಂಗಾರೆ ಮಗು ತಾನೇ ಕಚ್ಕೊಂತೇನು? ತಗೊಂಡ್ ಹೋಗು ನಿನ್ನ ಕಂಬಳಿನ. ನಾಳೆ ಹೊಸದು ಹಾಸ್ತೀವಿ."

ಸಿರಿಯವ್ವ ಅಣ್ಣನ ಮುಖ ನೋಡಲಾರದೆ ಗೋಡೆ ಕಡೆ ತಿರುಗಿದಳು. ಮಾಳಿಂಗ ತಲೆ ತಗ್ಗಿಸಿ ಅಂಗಳಕ್ಕಿಳಿದ. ಅವನ ಹಿಂದೆಯೇ ಕೆಂಚವ್ವ, ನೆಂಟರು ಎಲ್ಲ ಬಂದು ನಿಂತರು.

ಕಂಬಳಿಯ ಅಂಚಿನ ಹೊಲಿಗೆಯೊಳಗೆ ತಿಗಣೆ ಮುದುರಿ ಕೂತಿತ್ತು. ಎಲ್ಲಾ ಕೇಳಿಸುತ್ತಿತ್ತು.

"ಹೋಗಿ ಹೇಳು" ಎಂದಿತು ಗಾಳಿ, ಹೊಲಿಗೆಯಲ್ಲಿ ತೂರಿ ಬಂದು. "ಕಚ್ಚಿದ್ದು ನಾನು ಅನ್ನು. ಪಾಪ, ಅವನ ಮಾನ ಹೋಗ್ತಿದೆ."

"ಹೇಳ್ತೀನಿ. ಜನ ಒಳಗೆ ಹೋಗಲಿ."

"ಜನ ಒಳಗೆ ಹೋದ್ಮೇಲೆ ಯಾರಿಗೆ ಹೇಳ್ತೀಯೋ ಪೆದ್ದಾ? ನನಗಾ?"

ತಿಗಣೆ ಇನ್ನಷ್ಟು ಒಳಗೆ ತೂರಿತು.

ಮೇಲಿನಿಂದ ಸೂರ್ಯ ಬಗ್ಗಿ ನೋಡಿದ. "ಹೊಲಿಗೆಯಲ್ಲಿ ಯಾರದು?" ಸೂರ್ಯ ಇನ್ನೂ ಬಗ್ಗಿದ. ಕರಿ ಕಂಬಳಿ ಹೆಂಚಿನಂತೆ ಕಾಯಿತು. ಒಳಗೆ ತಿಗಣೆಗೆ ತಾಳದಾಯಿತು. ಇನ್ನೊಂದು ಕ್ಷಣ ಕೂತರೆ ಹುರಿಗಡಲೆ! ದಡಬಡನೆ ಹೊರಗೆ ಓಡಿ ಬಂದು ಬಿಳಿ ಬಿಸಿಲಲ್ಲಿ, ಎಲ್ಲರ ಕಣ್ಣೆದುರು ನಿಂತಿತು. ಹೊಟ್ಟೆ ಉಬ್ಬಿ, ಮೈಯೆಲ್ಲ ಕೆಂಪೇರಿತ್ತು. ಯಾರೂ ಏನೂ ಕೇಳಬೇಕಾಗಿರಲಿಲ್ಲ.

ನೊಣ ಹೊಟ್ಟೆ ಹಿಡಿದು ನಕ್ಕಿತು. "ಓಹೋ! ಮರ್ಯಾದಸ್ಥರ ಊಟ ಈಗ ಆಯ್ತಾ?"

ಕೆಂಚವ್ವ ಪೊರಕೆ ಎತ್ತಿದಳು. ತಿಗಣೆ ಕಣ್ಣು ಮುಚ್ಚಿತು. ಹೊಡೆದುಬಿಟ್ಟರೆ ಎಷ್ಟೋ ವಾಸಿ ಅನ್ನಿಸಿತು.

ಮಾಳಿಂಗ ಕೈ ಅಡ್ಡ ಇಟ್ಟ. ಕುಕ್ಕುರುಗಾಲಲ್ಲಿ ಕೂತು ಮೆಲ್ಲಗೆ ಕೇಳಿದ: "ಹಸಿವಾಗಿತ್ತೇನೋ? ನನ್ನನ್ನ ಒಂದು ಮಾತು ಕೇಳಬಾರದಿತ್ತಾ? ನನ್ನೆಲೇಲಿ ಇತ್ತಲ್ಲೋ."

ಆ ಮಾತಿಗೆ ತಿಗಣೆಯ ರೆಕ್ಕೆ ಅಲ್ಲೇ ಮುರುಟಿ ಉದುರಿತು. ಮೈ ಬೆವೆತು ಕೆಟ್ಟ ವಾಸನೆ ಬಂತು. ಅದು ಓಡಿತು. ಜಗಲಿ ಹತ್ತಿ, ಹೊಸ್ತಿಲು ದಾಟಿ, ತೊಟ್ಟಿಲ ಕಾಲಿನ ಬಿರುಕು ಸಿಕ್ಕಿದ್ದೇ ಅದರೊಳಗೆ ಮೈ ತೂರಿಸಿತು. ದುಂಡು ಮೈ ಹಿಡಿಸಲಿಲ್ಲ. ಒತ್ತಿತು, ಮತ್ತೂ ಒತ್ತಿತು, ಎಲೆಯಂತೆ ಚಪ್ಪಟೆಯಾಗಿ ಒಳಗೆ ಸೇರಿಕೊಂಡಿತು.

"ಹೊರಗೆ ಬಾ" ಎಂದ ಸೂರ್ಯ, ಕಿಟಕಿಯಲ್ಲಿ ಇಣುಕಿ.

"ನೀನು ಹೋದ ಮೇಲೆ ಬರ್ತೀನಿ" ಎಂದಿತು ತಿಗಣೆ.

ಅಂಗಳದಲ್ಲಿ ಕೆಂಚವ್ವ ಪೊರಕೆ ಕೆಳಗಿಟ್ಟಳು. ಕಂಬಳಿಯನ್ನು ತಾನೇ ಕೊಡವಿ, ಮಗುಚಿ, ಹೊಲಿಗೆ ಹೊಲಿಗೆಯ ಸಂದಿ ಹಿಗ್ಗಿಸಿ ನೋಡಿ ಬಿಸಿಲಿಗೆ ಹಾಸಿದಳು. ಸಂಜೆಗೆ ತಂದು ಕೂಸಿನ ಕೆಳಗೆ ಹಾಸಿ, "ಬೆಚ್ಚಗಿದೆ ಕಣಪ್ಪ" ಎಂದಳು, ಮಾಳಿಂಗನ ಮುಖ ನೋಡದೆ. ಆವತ್ತಿನಿಂದ ಮಾಳಿಂಗ ಯಾರ ಮನೆಗೆ ಹೋದರೂ ಮೊದಲು ಗಂಟು ಬಿಚ್ಚಿ ಬಿಸಿಲಿಗೆ ತೋರಿಸಿ, ಆಮೇಲೆ ಹೊಸ್ತಿಲು ದಾಟುತ್ತಿದ್ದ.

ಅದಕ್ಕೇ ಮಕ್ಕಳೇ, ಪರ ಊರಿನ ಲಾಡ್ಜಿನಲ್ಲಿ ಅಮ್ಮ ನಿಮ್ಮನ್ನು ಬಾಗಿಲಲ್ಲೇ ನಿಲ್ಲಿಸಿ, ಚೀಲವನ್ನು ಮಂಚದ ಮೇಲಿಡದೆ, ಹಾಸಿಗೆಯ ಹೊಲಿಗೆಯ ಸಂದಿ ಹಿಗ್ಗಿಸಿ ನೋಡುವುದು. ಊರಿಗೆ ಬಂದ ಮೇಲೆ ಬಟ್ಟೆಯನ್ನೆಲ್ಲ ಬಿಸಿನೀರಿಗೆ ಹಾಕಿ ಸುಡುಬಿಸಿಲಲ್ಲಿ ಒಣಗಿಸುವುದು. ದೀಪ ಹಾಕಿದ ಕೂಡಲೇ ಚಪ್ಪಟೆ ಮೈಯ ತಿಗಣೆ ಇವತ್ತಿಗೂ ಮುಖ ತೋರಿಸಲಾರದೆ ಸಂದಿಗೆ ಓಡುವುದು.