ನಾಲ್ಕು ಜನರ ನೀರು

ತಾಲ್ಲೂಕು ಕಚೇರಿಯ ಗುಮಾಸ್ತೆಯೊಬ್ಬರು ಫ್ಲ್ಯಾಟಿನಲ್ಲಿ ಒಬ್ಬರೇ ಇದ್ದರು. ಬಾಡಿಗೆ, ಗ್ಯಾಸು, ಕರೆಂಟು ಕಳೆದರೆ ಸಂಬಳದಲ್ಲಿ ಉಳಿಯುತ್ತಿದ್ದುದು ಅಷ್ಟಕ್ಕಷ್ಟೆ. ಅದರ ಮೇಲೆ ಕಟ್ಟಡದ ನಿವಾಸಿಗಳ ಸಂಘದ ಅಧ್ಯಕ್ಷ ಉಮಾಪತಯ್ಯ ನೀರಿನ ಬಿಲ್ಲು ಹಿಡಿದು ಬಂದರು.

"ಮನೆಗೆ ನಾಲ್ಕು ಜನರ ಲೆಕ್ಕ, ಮೇಡಂ."

"ನಾನು ಒಬ್ಬಳೇ ಅಲ್ವಾ ಸಾರ್?"

"ಅದು ನಿಮ್ಮ ಸ್ವಂತ ವಿಷಯ. ಸಂಘದ ನಿಯಮ ನಾಲ್ಕು."

ಗುಮಾಸ್ತೆ ತಕರಾರಿಲ್ಲದೆ ಹಣ ಕಟ್ಟಿದರು. ಮರುದಿನ ಲಿಫ್ಟಿನ ಪಕ್ಕ ಒಂದು ಚೀಟಿ ಅಂಟಿತ್ತು: "ನಮ್ಮ ಮನೆಯಲ್ಲಿ ಮೂರು ಜನರ ಸ್ನಾನದ ನೀರು ಮಿಕ್ಕಿದೆ. ಹಣ ಕಟ್ಟಿಯಾಗಿದೆ. ಬೇಕಾದವರು ಬನ್ನಿ."

ಟವೆಲ್ಲು ಹೊದ್ದು ಬಂದವರು ಅಧ್ಯಕ್ಷರ ತಾಯಿಯೇ. "ನಮ್ಮನೇಲಿ ಎಂಟು ಜನ ಕಣಮ್ಮ. ನನ್ನ ಸರದಿ ಬರೋ ಹೊತ್ತಿಗೆ ಬಿಸಿನೀರೇ ಇರಲ್ಲ." ಸ್ನಾನ ಮಾಡಿದರು, ಕಾಫಿ ಕುಡಿದರು, ಸೊಸೆಯ ವಿಚಾರ ಹೇಳಿದರು. ದಿನಾ ಬರತೊಡಗಿದರು.

ವಾರದೊಳಗೆ ಇಡೀ ಕಟ್ಟಡ ನಗತೊಡಗಿತು. ಉಮಾಪತಯ್ಯ ತಗ್ಗಿದ ದನಿಯಲ್ಲಿ ಹೇಳಿದರು: "ಇನ್ನು ನಿಮ್ಮದು ಒಬ್ಬರದೇ ಲೆಕ್ಕ, ಮೇಡಂ. ಚೀಟಿ ತೆಗೀರಿ."

ಗುಮಾಸ್ತೆ ತೆಗೆದರು. ಮರುದಿನ ಬೆಳಿಗ್ಗೆ ಎರಡು ಲೋಟ ಕಾಫಿ ಮಾಡಿ, ಬಾಗಿಲು ತೆರೆದಿಟ್ಟು ಕಾದರು. ಯಾರೂ ಬರಲಿಲ್ಲ. ಆಫೀಸಿಗೆ ಹೊರಟವರು ಅಧ್ಯಕ್ಷರ ಮನೆಯ ಬೆಲ್ ಒತ್ತಿದರು.

"ಸಾರ್, ಇಬ್ಬರ ಲೆಕ್ಕ ಹಾಕಿ. ಅಮ್ಮನ್ನ ಕಳಿಸಿ."