ಎಲೆಯ ತುದಿಯ ಉಪ್ಪು

“ಗುರುಗಳೇ, ಬೊಂಬಾಟ್ ಎಂದರೆ ಏನರ್ಥ? ಎಲ್ಲಿಂದ ಬಂದ ಮಾತು ಅದು?” ಎಂದು ಶಿಷ್ಯ ಮುಕುಂದ ಕೇಳಿದ.

ಕೇಳಿದ್ದರಲ್ಲಿ ಸಿಡುಕಿತ್ತು. ಮಧ್ಯಾಹ್ನ ಮಠದ ಊಟದಲ್ಲಿ ಹುಳಿಗೆ ಉಪ್ಪೇ ಬಿದ್ದಿರಲಿಲ್ಲ. ಆದರೂ ಪಂಕ್ತಿಯವರೆಲ್ಲ ಬೊಂಬಾಟ್ ಎಂದರು. ಮುಕುಂದನೊಬ್ಬ ಅಡುಗೆಮನೆಗೆ ಕೇಳುವ ಹಾಗೆ ‘ಬರೀ ಸಪ್ಪೆ’ ಎಂದು ಎದ್ದು ಬಂದಿದ್ದ.

“ಯಾವ ಊರಿಂದ ಬಂತೋ ನನಗೂ ಗೊತ್ತಿಲ್ಲಪ್ಪ. ಒಬ್ಬನ ಬಾಯಲ್ಲಿ ಅದು ಹೇಗೆ ಹುಟ್ಟಿತು ಎಂಬುದನ್ನು ಮಾತ್ರ ಬಲ್ಲೆ” ಎಂದು ಗುರುಗಳು ಕತೆ ಹೇಳಿದರು.

ಒಬ್ಬ ಅಡುಗೆಯವನಿದ್ದ. ಊರಿನ ಮದುವೆ ಮುಂಜಿಗೆಲ್ಲ ಅವನದೇ ಕೈ. ಹೆಂಡತಿ ತೀರಿಕೊಂಡ ಮೇಲೆ, ಪಾಪ, ಅವನು ಸೌಟು ಮುಟ್ಟಲಿಲ್ಲ. ಇನ್ನು ಇವನ ಕಥೆ ಮುಗಿಯಿತು ಎಂದು ಜನ ಆಡಿಕೊಂಡರು. ಒಂದು ಮನೆಯವರು ಮಾತ್ರ ಮುಂಜಿಗೆ ಅವನನ್ನೇ ಕರೆದರು. ಈ ಅಡುಗೆ ಕೆಟ್ಟರೆ ಮತ್ತೆ ಒಲೆ ಹಚ್ಚುವುದಿಲ್ಲ ಎಂದುಕೊಂಡೇ ಅವನು ಹೋದ.

ದೇವರಿಗೆ ಇಡುವ ಮೊದಲು ಅಡುಗೆಯವರು ರುಚಿ ನೋಡುವಂತಿಲ್ಲ. ಪಂಕ್ತಿ ಏಳುವವರೆಗೆ ಉಣ್ಣುವಂತೆಯೂ ಇಲ್ಲ. ಹೆಂಡತಿ ಇದ್ದಾಗ, ‘ಉಪ್ಪು ಹಾಕಿದಿರಾ?’ ಎಂದು ಕೇಳುತ್ತಿದ್ದಳು. ಅಂದು ಕೇಳುವವರಿರಲಿಲ್ಲ. ಅವನು ಮರೆತ.

ಪಂಕ್ತಿಯ ಮೊದಲಿಗೆ ಒಬ್ಬ ಹಿರಿಯ ವರ್ತಕ ಕೂತಿದ್ದ. ಅಡುಗೆಯವನು ಬಾಗಿಲಲ್ಲಿ ನಿಂತು ಅವನ ಮುಖವನ್ನೇ ನೋಡಿದ. ವರ್ತಕ ಒಂದು ತುತ್ತು ಉಂಡು ಬಾಗಿಲ ಕಡೆ ಕಣ್ಣು ಹಾಯಿಸಿದ. ಆಮೇಲೆ ಎಲೆಯ ತುದಿಗೆ ಬಡಿಸಿದ್ದ ಉಪ್ಪನ್ನು ಸದ್ದಿಲ್ಲದೆ ಅನ್ನಕ್ಕೆ ಕಲಸಿಕೊಂಡು, “ಬೊಂಬಾಟ್. ಇನ್ನೊಂದು ಸೌಟು ಹಾಕಿ” ಎಂದ. ಪಕ್ಕದವರು ಅವನ ಕೈ ನೋಡಿ ತಾವೂ ಹಾಗೇ ಮಾಡಿದರು. ಯಾರೂ ಮುಖ ಸಿಂಡರಿಸಲಿಲ್ಲ.

ಎಲೆ ಎತ್ತುವಾಗ ಅಡುಗೆಯವನಿಗೆ ಅನುಮಾನ ಬಂತು. ಒಂದು ಎಲೆಯಲ್ಲೂ ಉಪ್ಪು ಉಳಿದಿರಲಿಲ್ಲ. ಹುಳಿಯನ್ನು ಬಾಯಿಗಿಟ್ಟ. ಕೈ ತೊಳೆಯದೆ ಜಗಲಿಗೆ ಓಡಿದ.

“ಶೆಟ್ಟರೇ, ಉಪ್ಪೇ ಇರಲಿಲ್ಲ. ಯಾಕೆ ಹಾಗಂದಿರಿ?”

ವರ್ತಕ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತ ಹೇಳಿದ: “ಉಪ್ಪು ಎಲೆಯಲ್ಲೇ ಇತ್ತಲ್ಲ ಭಟ್ಟರೇ. ನೀವು ಮತ್ತೆ ಒಲೆ ಮುಂದೆ ನಿಂತಿರಿ ನೋಡಿ, ಅದಕ್ಕಂದೆ. ಮುಂದಿನ ತಿಂಗಳು ನಮ್ಮನೆ ಮದುವೆಗೂ ಬನ್ನಿ.”

ಅಡುಗೆಯವನು ಅಲ್ಲೇ ಕುಸಿದು ಕೂತು ಅತ್ತ. ಹೆಂಡತಿ ಹೋದ ಮೇಲೆ ಅವನು ಅತ್ತದ್ದು ಅದೇ ಮೊದಲು.

ಕತೆ ಮುಗಿದರೂ ಮುಕುಂದ ಬಿಡಲಿಲ್ಲ. “ಆದರೂ ಸಪ್ಪೆ ಹುಳಿಯನ್ನು ಬೊಂಬಾಟ್ ಎನ್ನುವುದು ಸುಳ್ಳಲ್ಲವೇ?”

ಗುರುಗಳು ಮೆಲ್ಲಗೆ ಹೇಳಿದರು: “ಮಧ್ಯಾಹ್ನ ನಿನ್ನೊಬ್ಬನ ಎಲೆಯಲ್ಲಿ ಮಾತ್ರ ಉಪ್ಪು ಹಾಗೇ ಉಳಿದಿತ್ತಪ್ಪ.”