ನೀರು ನಿಂತಲ್ಲಿ ಗಡಿ

ಭೂಮಿಯ ಮೈ ಇನ್ನೂ ಆರಿರದ ಕಾಲ ಅದು. ಬೆಟ್ಟಗಳು ಎಲ್ಲಿ ಕೂರುವುದೆಂದು ಜಾಗ ನೋಡುತ್ತಿದ್ದವು, ನದಿಗಳು ದಾರಿ ಕೇಳಿಕೊಂಡು ಅಲೆಯುತ್ತಿದ್ದವು. ಆಗ ಏಡಿಗಳು ನಮ್ಮ ನಿಮ್ಮ ಹಾಗೆ ನೆಟ್ಟಗೆ ಮುಂದಕ್ಕೆ ನಡೆಯುತ್ತಿದ್ದವು. ನಂಬಿಕೆ ಬರದಿದ್ದರೆ ಬಿಡಿ, ನಾನು ಕೇಳಿದ್ದು ಹೀಗೆ.

ಆಗಿನ ಕಡಲಿಗೆ ಈಗಿನ ಆತುರ ಇರಲಿಲ್ಲ. ಇಳಿಯಲು ಹೊರಟರೆ ಆರು ತಿಂಗಳು ಇಳಿಯುತ್ತಿತ್ತು. ಏರಲು ಹೊರಟರೆ ಆರು ತಿಂಗಳು ಏರುತ್ತಿತ್ತು.

ಆ ಕಡಲ ದಂಡೆಯಲ್ಲಿ ಕೆಂಚಿ ಎಂಬ ಏಡಿ ಇದ್ದಳು. ಒಂದು ಗಳಿಗೆ ಕೂತಲ್ಲಿ ಕೂರುವವಳಲ್ಲ. ಒಂದು ಬಿಲ ತೋಡುವಳು, ಅದು ಇಕ್ಕಟ್ಟು ಅನ್ನುವಳು, ಇನ್ನೊಂದು ತೋಡುವಳು. ಬೆಳಗಾದರೆ ಸಾಕು, ಅವಳಿಗೂ ಕಡಲಿಗೂ ಜಗಳ. ಈ ಮರಳು ನಿನ್ನದೋ, ನನ್ನದೋ?

ಕೊನೆಗೆ ಕೆಂಚಿಯೇ ಒಂದು ನಿಯಮ ಹೇಳಿದಳು.

“ನೀರು ನಿಂತಲ್ಲಿ ಗಡಿ, ಕಡಲಣ್ಣ. ಅದರ ಕೆಳಗಿಂದು ನಿಂದು, ಮೇಲಿಂದು ನಂದು. ಆಗಬಹುದಾ?”

“ಇಳಿಯುವಾಗಲೂ ಇದೇ, ಏರುವಾಗಲೂ ಇದೇ ತಾನೆ?” ಎಂದು ಕಡಲು ಕೇಳಿತು.

“ಹೌದು, ಹೌದು” ಅಂದಳು ಕೆಂಚಿ. ಅವಳ ಕಣ್ಣು ಆಗಲೇ ಆರುತ್ತಿದ್ದ ಮರಳಿನ ಮೇಲಿತ್ತು. ಕಡಲು ಆಗತಾನೇ ಇಳಿಯಲು ಶುರು ಮಾಡಿತ್ತು ನೋಡಿ. ಗಾಳಿ ಸಾಕ್ಷಿ ನಿಂತಿತು.

ಆಮೇಲಿನ ದಿನಗಳಲ್ಲಿ ನಿಯಮವೆಂದರೆ ಕೆಂಚಿಗೆ ಪ್ರಾಣ. ದಿನಾ ಬೆಳಿಗ್ಗೆ ನೀರಿನ ಅಂಚಿಗೆ ಹೋಗಿ, ಮರಳನ್ನು ಸಣ್ಣ ಸಣ್ಣ ಉಂಡೆ ಕಟ್ಟಿ, ಗಡಿಯುದ್ದಕ್ಕೂ ಸಾಲಾಗಿ ಇಡುತ್ತಿದ್ದಳು. ಮರುದಿನ ನೀರು ಇನ್ನೂ ಕೆಳಗೆ ಹೋಗಿರುತ್ತಿತ್ತು. ಇನ್ನೊಂದು ಸಾಲು ಇಡುತ್ತಿದ್ದಳು. “ನೀರು ನಿಂತಲ್ಲಿ ಗಡಿ” ಎಂದು ಗುನುಗಿಕೊಳ್ಳುತ್ತಿದ್ದಳು.

ಒಂದು ದಿನ ಗಡಿಯ ಮೇಲುಗಡೆ ಒಂದು ಪುಟ್ಟ ಹೊಂಡ ಉಳಿದುಕೊಂಡಿತು. ಅದರಲ್ಲಿ ಶಂಖಜ್ಜ ಎಂಬ ಮುದಿ ಶಂಖದ ಹುಳು ಇದ್ದ.

“ಕೆಂಚಿ, ನಾನು ಹುಟ್ಟಿದ್ದೇ ಈ ಹೊಂಡದಲ್ಲಿ. ಇದೊಂದನ್ನ ಬಿಡು ಮಗಾ” ಎಂದು ಅವನು ಕೇಳಿಕೊಂಡ.

“ಅಯ್ಯೋ ಅಜ್ಜ, ನಾನೇನು ಮಾಡಲಿ? ನಿಯಮ ಅಂದಮೇಲೆ ನಿಯಮ. ನಿನಗೊಂದು, ಇನ್ನೊಬ್ಬರಿಗೊಂದು ಮಾಡೋಕಾಗುತ್ತಾ?”

ದನಿಯೇನೋ ಸಕ್ಕರೆ. ಕೈ ಮಾತ್ರ ಹೊಂಡಕ್ಕೆ ಮರಳು ತುಂಬುತ್ತಲೇ ಇತ್ತು. ಶಂಖಜ್ಜ ಕಾದ ಮರಳಿನ ಮೇಲೆ ಮೈ ಎಳೆದುಕೊಂಡು ನೀರು ಸೇರುವಷ್ಟರಲ್ಲಿ ಹೊತ್ತು ಮುಳುಗಿತ್ತು. ಕೆಂಚಿ ತಿರುಗಿಯೂ ನೋಡಲಿಲ್ಲ. ಆ ಹೊಂಡದ ಜಾಗದಲ್ಲೇ ಅವಳು ಏಳು ಅಂಕಣದ ಮನೆ ತೋಡಿದಳು. ಅಲ್ಲಿಯ ಮರಳು ಅಷ್ಟು ನುಣುಪು, ಅಷ್ಟು ತಂಪು. ಅಂಥ ಮನೆ ಆ ದಂಡೆಯಲ್ಲಿ ಯಾರಿಗೂ ಇರಲಿಲ್ಲ.

ಆರು ತಿಂಗಳು ತುಂಬಿತು. ಕಡಲು ಏರಲು ಶುರು ಮಾಡಿತು.

ಮೊದಲ ದಿನ ಉಂಡೆಗಳ ಒಂದು ಸಾಲು ಕರಗಿತು. ಮರುದಿನ ಇನ್ನೊಂದು ಕರಗಿತು. ಕೆಂಚಿಗೆ ಊಟ ರುಚಿಸಲಿಲ್ಲ, ನಿದ್ದೆ ಹತ್ತಲಿಲ್ಲ. ಒಳಗೆ ಹೋಗುವಳು, ಹೊರಗೆ ಬರುವಳು, ನೀರು ನೋಡುವಳು, ಮತ್ತೆ ಒಳಗೆ ಹೋಗುವಳು. ನೀರು ಬಾಗಿಲಿಗೆ ಹತ್ತು ಹೆಜ್ಜೆ ದೂರ ಇದ್ದಾಗ ಅವಳಿಗೆ ತಡೆಯಲಾಗಲಿಲ್ಲ.

“ಇದೆಂಥ ಅನ್ಯಾಯ ಕಡಲಣ್ಣ? ಇದ್ದ ಮನೆಯೊಳಗೆ ನುಗ್ಗುವುದಾ?”

“ನೀರು ನಿಂತಲ್ಲಿ ಗಡಿ ಅಂದವಳು ನೀನೇ ಅಲ್ವಾ ಮಾರಾಯ್ತಿ?”

“ಅಂದೆ. ಆದರೆ ನಿಯಮದಲ್ಲೇ ತಪ್ಪಿದೆ. ಅದಕ್ಕೆ ಕಣ್ಣಿಲ್ಲ, ಕರುಳಿಲ್ಲ.”

“ಆರು ತಿಂಗಳು ಈ ಮಾತು ಎಲ್ಲಿ ಹೋಗಿತ್ತು?” ಎಂದು ಸಾಕ್ಷಿ ನಿಂತಿದ್ದ ಗಾಳಿ ಕೇಳಿತು.

“ಆಗ ನನಗೆ ಹೊಳೆಯಲಿಲ್ಲ” ಅಂದಳು ಕೆಂಚಿ. ಅದು ನಿಜವೇ. ಹೊಟ್ಟೆ ತುಂಬಿದಾಗ ಅಡುಗೆಯ ತಪ್ಪು ಯಾರಿಗೆ ತಾನೇ ಹೊಳೆಯುತ್ತದೆ?

ಕಡಲಿಗೆ ಕೋಪ ಬರಲಿಲ್ಲ. “ಸರಿ, ಬೇರೆ ನಿಯಮ ಹೇಳು. ಯಾವುದಾದರೂ ಸೈ. ಇಳಿಯುವಾಗಲೂ ಅದೇ, ಏರುವಾಗಲೂ ಅದೇ. ಅಷ್ಟಿದ್ದರೆ ಸಾಕು” ಅಂದಿತು.

“ಯಾರ ಮನೆಯನ್ನೂ ಯಾರೂ ಮುಟ್ಟಬಾರದು” ಎಂದಳು ಕೆಂಚಿ, ಒಂದೇ ಉಸಿರಿಗೆ.

ಏರುವ ನೀರಿನ ಜೊತೆ ಶಂಖಜ್ಜನೂ ಬಂದಿದ್ದ. “ಹಾಗಾದರೆ ನನ್ನ ಹೊಂಡ?” ಎಂದು ಮೆಲ್ಲಗೆ ಕೇಳಿದ.

ಹೊಂಡ ಎಲ್ಲಿತ್ತು? ಕೆಂಚಿಯ ಏಳು ಅಂಕಣದ ಕೆಳಗೆ. ಅವಳು ಮುಖ ತಪ್ಪಿಸಿದಳು.

“ಬೇಡ, ಇದು ಬೇಡ. ಗಡಿ ಕದಲಲೇಬಾರದು. ಇವತ್ತು ಎಲ್ಲಿದೆಯೋ ಅಲ್ಲೇ ಇರಲಿ.”

“ಆಗಲಿ. ನಾಳೆ ನಾನು ಇಳಿದು ಹೋದರೂ ಈ ಗಡಿಯ ಕೆಳಗೆ ನೀನು ಕಾಲಿಡುವಂತಿಲ್ಲ. ನಾನು ಬಿಟ್ಟುಹೋದ ಮರಳಿನಲ್ಲೇ ಅಲ್ವಾ ನಿನ್ನ ಊಟ?”

ಕೆಂಚಿ ಒಂದು ಹೆಜ್ಜೆ ಮುಂದೆ ಬಂದಳು, ಒಂದು ಹೆಜ್ಜೆ ಹಿಂದೆ ಹೋದಳು. ಇಳಿಯುವಾಗ ಚೆಂದ ಕಂಡ ನಿಯಮ ಏರುವಾಗ ಕಹಿ. ಏರುವಾಗ ಬೇಕಾದದ್ದು ಇಳಿಯುವಾಗ ಉಪವಾಸ.

“ನಿಧಾನವಾಗಿ ಯೋಚಿಸು. ಆದರೆ ಆರು ತಿಂಗಳಿಗೊಮ್ಮೆ ಬಂದರೆ ಇಳಿಯುವಾಗ ನಿನಗೆ ಏರುವ ಕಡೆಯದು ಮರೆತೇಹೋಗುತ್ತದೆ. ಇನ್ನು ಮೇಲೆ ದಿನಕ್ಕೆ ಎರಡು ಸಲ ಏರುತ್ತೇನೆ, ಎರಡು ಸಲ ಇಳಿಯುತ್ತೇನೆ. ತೀರ್ಮಾನವಾದ ದಿನ ಹೇಳು. ಅಲ್ಲಿಯವರೆಗೆ ಹಳೆಯದೇ ನಡೆಯಲಿ” ಎಂದಿತು ಕಡಲು.

ಅಷ್ಟು ಹೇಳಿ ಅದು ಹತ್ತು ಹೆಜ್ಜೆ ಮುಂದೆ ಬಂತು. ಏಳು ಅಂಕಣವೂ ಒಂದೇ ಅಲೆಗೆ ಕುಸಿಯಿತು. ಕೆಂಚಿ ಅತ್ತಳು. ಮನೆಗಾಗಿ ಅತ್ತಳು. ಕಾದ ಮರಳಿನ ಮೇಲೆ ಇಡೀ ದಿನ ಮೈ ಎಳೆದ ಶಂಖಜ್ಜನ ನೆನಪಾಗಿ ಇನ್ನಷ್ಟು ಅತ್ತಳು. “ಅಜ್ಜ” ಎಂದು ಕರೆದಳು. ಅಲೆಯ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ.

ಆಮೇಲೆ ಮೇಲುಗಡೆ ಒಂದು ಚಿಕ್ಕ ಬಿಲ ತೋಡಿಕೊಂಡಳು. ನೀರು ಇಳಿದಾಗ “ಹಳೆಯ ನಿಯಮವೇ ಇರಲಿ” ಎಂದು ಹೇಳಲು ಓಡುತ್ತಿದ್ದಳು. ಅರ್ಧ ದಾರಿಯಲ್ಲಿ ನೀರು ತಿರುಗುತ್ತಿತ್ತು. “ಬೇಡ, ಬೇಡ” ಎಂದು ಬಿಲಕ್ಕೆ ಓಡುತ್ತಿದ್ದಳು. ಹೋಗುವಾಗ ಬಿಲದ ಮೇಲೊಂದು ಕಣ್ಣು, ಬರುವಾಗ ಕಡಲಿನ ಮೇಲೊಂದು ಕಣ್ಣು. ನೋಡಿ ನೋಡಿ ಕಣ್ಣುಗಳು ಕಡ್ಡಿಯ ಹಾಗೆ ಎದ್ದು ನಿಂತವು. ಯಾವ ಕಡೆಗೂ ಪೂರ್ತಿ ಮುಖ ಕೊಡಲಾಗದೆ ಕಾಲುಗಳು ಅಡ್ಡಕ್ಕೆ ತಿರುಗಿದವು.

ನೀವು ಕಡಲ ದಂಡೆಗೆ ಹೋದಾಗ ನೋಡಿ. ಇಳಿತದಲ್ಲಿ ಬಿಲದ ಸುತ್ತ ಪುಟ್ಟ ಪುಟ್ಟ ಮರಳಿನ ಉಂಡೆಗಳಿರುತ್ತವೆ, ಉಬ್ಬರ ಬಂದರೆ ಒಂದೂ ಇರುವುದಿಲ್ಲ. ಏಡಿ ಕಣ್ಣೆತ್ತಿಕೊಂಡು ಅಡ್ಡಡ್ಡ ಓಡಿ ನೀರಿನ ತನಕ ಹೋಗುತ್ತದೆ, ಅಲೆ “ಏನು ತೀರ್ಮಾನ?” ಎಂದು ಹತ್ತಿರ ಬಂದ ಕೂಡಲೇ ಅಡ್ಡಡ್ಡವೇ ಬಿಲಕ್ಕೆ ಓಡಿ ಹೋಗುತ್ತದೆ.